ಲಂಕೆಗೆ ಹೋದರೆ ಚಿರತೆಯೊಂದನ್ನೇ ನೋಡಿ ಬರಬೇಡಿ

ಶ್ರೀಲಂಕಾದ ಕಾಡು, ಹಕ್ಕಿ, ಪ್ರಾಣಿಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರ, ಮೆಸೇಜುಗಳಲ್ಲಿ ಅಲ್ಲಿನ ಯಾಲ ರಾಷ್ಟ್ರೀಯ ಉದ್ಯಾನದ ಚಿರತೆ ಬಗ್ಗೆಯೇ ಜಾಸ್ತಿ ಇದ್ದವು. ಅದಕ್ಕೂ ಉತ್ತರ ಇದೆ. ಆದರೆ ಆ ದ್ವೀಪ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಕಾಣದ ಜೀವಿಗಳು ಅಲ್ಲಿ ಎಷ್ಟೊಂದಿವೆ, ಅವನ್ನು ನೋಡದೇ ಜನ ವಾಪಸ್ ಬರ್ತಾರಲ್ಲ ಅನ್ನೋ ಸಂಕಟ ನನಗೆ ತುಂಬಾ ದಿನದಿಂದ ಇದೆ. ಹಾಗಾಗಿ ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ ಒಂದು ವಾರಕ್ಕೆ ಹೊರಟಿದ್ದೇವೆ. ಕಬಿನಿ, ಬಂಡೀಪುರ, ನಾಗರಹೊಳೆ ಎಲ್ಲ ಸಾಕಷ್ಟು ಸುತ್ತಿದವರು. ಟ್ರಾವೆಲ್ಸ್‌ನವರು ಯಾಲಕ್ಕೆ ಎರಡು ದಿನ ಹಾಕಿ ಅಂತಿದ್ದಾರೆ. ಹಾಕಬಹುದಾ? – ಮೈಸೂರಿನ ಓದುಗರು

ಬೇಡ. ನಿಮ್ಮಂಥವರಿಗಂತೂ ಬೇಡವೇ ಬೇಡ.

ಯಾಲದಲ್ಲಿ ಏನೂ ಇಲ್ಲ ಅಂತ ಅಲ್ಲ. ಅಲ್ಲಿನ ಒಂದನೇ ಬ್ಲಾಕ್‌ನಲ್ಲಿ ಚಿರತೆಗಳು ಬಹಳ ದಟ್ಟವಾಗಿವೆ. ದ್ವೀಪದಲ್ಲಿ ಹುಲಿಯೂ ಇಲ್ಲ, ಸಿಂಹವೂ ಇಲ್ಲ, ಚಿರತೆಯೇ ಯಜಮಾನ. ಹಾಗಾಗಿ ಹಗಲಲ್ಲೂ ಬಂಡೆ ಮೇಲೆ ಆರಾಮಾಗಿ ಮಲಗಿರುತ್ತೆ. ಅದು ಬೇರೆ ಉಪಜಾತಿ ಅನ್ನೋದೂ ನಿಜ. ಆದರೆ ಆನೆ, ಕಡವೆ, ಜಿಂಕೆ, ಕರಡಿ, ನವಿಲು ಎಲ್ಲ ನೀವು ಕಬಿನಿಯಲ್ಲಿ ನೋಡಿದವೇ. ಚಿರತೆ ಕಂಡಿತು ಅಂತ ಒಂದು ಫೋನ್ ಹೋದರೆ ಸಾಕು, ಜೀಪುಗಳು ಸಾಲುಗಟ್ಟಿ ನುಗ್ಗುತ್ತವೆ. ಆ ಗದ್ದಲದಲ್ಲಿ ಒಂದು ವಾರದ ಎರಡು ದಿನ ಕಳೆಯೋದು ನಷ್ಟ.

ಲಂಕೆಯಲ್ಲಿ ಮಾತ್ರ ಇರುವಂಥವು ಬಹುಪಾಲು ಇರೋದು ಎರಡು ಕಡೆ. ಒಂದು, ನೈಋತ್ಯದ ಮಳೆಕಾಡು. ಇನ್ನೊಂದು, ನಡುವಿನ ಎತ್ತರದ ಬೆಟ್ಟಗಳು. ಫೆಬ್ರವರಿ ಈ ಎರಡಕ್ಕೂ ಒಳ್ಳೆಯ ಸಮಯ. ಕೊಲಂಬೊ ವಿಮಾನ ನಿಲ್ದಾಣದಿಂದ ಸೀದಾ ಸಿಂಹರಾಜ ಕಾಡಿಗೆ ಹೋಗಿ, ಅಲ್ಲಿ ಎರಡು ರಾತ್ರಿ ಇರಿ. ಆಮೇಲೆ ದಕ್ಷಿಣ ತೀರದ ಮಿರಿಸ್ಸಾದಲ್ಲಿ ತಿಮಿಂಗಿಲಕ್ಕೆ ಒಂದು ರಾತ್ರಿ, ಉಡವಲವೆಯಲ್ಲಿ ಆನೆಗೆ ಒಂದು ರಾತ್ರಿ, ಬೆಟ್ಟದೂರು ನುವರ ಎಲಿಯದಲ್ಲಿ ಎರಡು ರಾತ್ರಿ ಇದ್ದು ಹತ್ತಿರದ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ವಾಪಸ್. ಒಂದು ವಾರಕ್ಕೆ ಇಷ್ಟೇ ಸಾಕು, ಇದಕ್ಕಿಂತ ಜಾಸ್ತಿ ತುರುಕಿದರೆ ಅರ್ಧ ದಿನ ಕಾರಿನಲ್ಲೇ ಕಳೆದುಹೋಗುತ್ತೆ. ನಕ್ಷೆಯಲ್ಲಿ ಹತ್ತಿರ ಕಂಡರೂ ಅಲ್ಲಿನ ಘಾಟ್ ರಸ್ತೆಗಳು ನಿಧಾನ.

ಚಿರತೆ ನೋಡಲೇಬೇಕು ಅಂತಿದ್ದರೆ ಯಾಲ ಬಿಟ್ಟು ವಾಯವ್ಯದ ವಿಲ್ಪತ್ತುಗೆ ಹೋಗಿ. ಅದು ದೇಶದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ. ಅಂತರ್ಯುದ್ಧದ ಕಾಲದಲ್ಲಿ ಎಷ್ಟೋ ವರ್ಷ ಮುಚ್ಚಿತ್ತು, 2010ರಲ್ಲಿ ಮತ್ತೆ ತೆರೆಯಿತು. ಕಾಡಿನ ನಡುವೆ ಅಲ್ಲಲ್ಲಿ ತಾನಾಗೇ ಆದ ಕೆರೆಗಳಿವೆ, ಅಲ್ಲಿಯವರು ‘ವಿಲ್ಲು’ ಅಂತಾರೆ. ಅದರ ದಡದಲ್ಲಿ ಬೆಳಗ್ಗೆ ಸುಮ್ನೆ ಜೀಪು ನಿಲ್ಲಿಸಿ ಕಾಯಬೇಕು. ಚಿರತೆ ಕಾಣುವ ಗ್ಯಾರಂಟಿ ಯಾಲಕ್ಕಿಂತ ಕಡಿಮೆ, ಆದರೆ ಕಂಡಾಗ ಅದನ್ನು ನೋಡುತ್ತಿರುವವರು ನೀವಿಬ್ಬರೇ ಆಗಿರಬಹುದು.

ಪ್ರಶ್ನೆ: ರಾಮೇಶ್ವರದ ಆಚೆ ಒಂದು ಹೆಜ್ಜೆ ಇಟ್ಟರೆ ಲಂಕೆ. ಹಿಂದೆ ನೆಲ ಒಂದೇ ಆಗಿತ್ತು ಅಂತಲೂ ಓದಿದ್ದೇನೆ. ಹಾಗಿದ್ದ ಮೇಲೆ ಅಲ್ಲಿನ ಪ್ರಾಣಿಗಳು ಬೇರೆ ಹೇಗಾದವು? ಅಲ್ಲೂ ನಮ್ಮ ಆಗುಂಬೆ ಕಾಡೇ ಇರಬೇಕಲ್ಲವೇ? – ತೀರ್ಥಹಳ್ಳಿಯ ನಿವೃತ್ತ ಶಿಕ್ಷಕರು

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು.

ನೀವು ಓದಿದ್ದು ಸರಿ. ನಮಗೂ ಲಂಕೆಗೂ ನಡುವಿನ ಸಮುದ್ರ ತೀರಾ ಆಳವಿಲ್ಲ. ಹಿಮಯುಗಗಳಲ್ಲಿ ಸಮುದ್ರದ ಮಟ್ಟ ನೂರು ಮೀಟರಿಗೂ ಹೆಚ್ಚು ಇಳಿದಾಗ ಅಲ್ಲಿ ನೆಲ ಮೇಲೆದ್ದು ನಡೆದೇ ದಾಟುವ ಹಾಗಿತ್ತು. ಹೀಗೆ ಒಂದು ಸಲ ಅಲ್ಲ, ಹಲವು ಸಲ ಆಗಿದೆ. ಕೊನೆಯ ಸಲ ನೀರು ತುಂಬಿ ದ್ವೀಪ ಬೇರೆಯಾಗಿ ಹತ್ತು ಸಾವಿರ ವರ್ಷವೂ ಆಗಿಲ್ಲ. ಆನೆ, ಚಿರತೆ, ಕಡವೆ, ಕರಡಿ ಇವೆಲ್ಲ ಹಾಗೇ ನಡೆದು ದಾಟಿದವು. ಅದಕ್ಕೇ ಅವು ಎರಡೂ ಕಡೆ ಇವೆ.

ಈಗ ಒಂದು ಕಪ್ಪೆಯ ಲೆಕ್ಕ ನೋಡಿ. ಆಗುಂಬೆಯ ಕಪ್ಪೆಗೆ ಚರ್ಮ ಯಾವಾಗಲೂ ಒದ್ದೆ ಇರಬೇಕು. ಅದು ಲಂಕೆಯ ಸಿಂಹರಾಜಕ್ಕೆ ಹೋಗಬೇಕು ಅಂದರೆ ಮೊದಲು ಘಟ್ಟ ಇಳಿದು ತಮಿಳುನಾಡಿನ ಒಣ ಬಯಲು ದಾಟಬೇಕು, ಆಮೇಲೆ ಆ ನೆಲದ ಸೇತುವೆ, ಅದಾದ ಮೇಲೆ ಉತ್ತರ ಲಂಕೆಯ ಕುರುಚಲು ಕಾಡು. ನೆಲ ಕೂಡಿಕೊಂಡಿದ್ದಾಗಲೂ ಆ ದಾರಿಯಲ್ಲಿ ಮಳೆಕಾಡಿನ ಜೀವಿಗೆ ಬಹುತೇಕ ಉಳಿಗಾಲ ಇರಲಿಲ್ಲ. ಲಂಕೆಯ ಮಳೆಕಾಡನ್ನು ನಮ್ಮಿಂದ ಬೇರೆ ಮಾಡಿದ್ದು ಸಮುದ್ರಕ್ಕಿಂತ ಹೆಚ್ಚಾಗಿ ಈ ಒಣನೆಲ. ಆನೆಗೆ ಅದು ದಾರಿ, ಕಪ್ಪೆಗೆ ಅದು ಗೋಡೆ. ಲಕ್ಷಾಂತರ ವರ್ಷ ಆ ಕಡೆ ಉಳಿದವು ಆ ಕಡೆಯೇ ಬೇರೆ ಬೇರೆ ಜಾತಿಗಳಾಗಿ ಒಡೆದವು.

ಲಂಕೆಯ ಪೊದೆಗಪ್ಪೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಎಷ್ಟೋ ಜಾತಿ ಉಗುರಿನಷ್ಟು ಚಿಕ್ಕವು. ಇವುಗಳ ಮೊಟ್ಟೆಯಿಂದ ಗೊದಮೊಟ್ಟೆ ಹೊರಗೆ ಬರೋದೇ ಇಲ್ಲ. ಒದ್ದೆ ಮಣ್ಣಿನಲ್ಲೋ ಎಲೆಯ ಮೇಲೋ ಇಟ್ಟ ಮೊಟ್ಟೆಯೊಳಗೇ ಎಲ್ಲ ಮುಗಿದು ಪುಟಾಣಿ ಕಪ್ಪೆಯೇ ಹೊರಗೆ ಜಿಗಿಯುತ್ತೆ. ಕೆರೆ, ಹೊಂಡದ ಹಂಗಿಲ್ಲದ ಕಾರಣ ಒಂದೊಂದು ಬೆಟ್ಟದ ತುದಿಗೆ ಒಂದೊಂದು ಜಾತಿ ಅಂತ ಹರಡಿಕೊಂಡವು. ಇವುಗಳ ಪೂರ್ವಜರು ಹೋಗಿದ್ದು ನಮ್ಮ ಕಡೆಯಿಂದಲೇ. ಅಲ್ಲಿ ಬೆಳೆದು ಹರಡಿದ ಮೇಲೆ ಒಂದು ಕವಲು ಬಹಳ ಹಿಂದೆ ನೆಲ ಕೂಡಿದ್ದಾಗ ವಾಪಸ್ ಬಂತು. ಅಂಬೋಲಿ ಪೊದೆಗಪ್ಪೆ ಅಂತ ನಮ್ಮ ಪಶ್ಚಿಮ ಘಟ್ಟದಲ್ಲಿದೆಯಲ್ಲ, ಅದು ಆ ಕವಲಿನದು. ಮಳೆಗಾಲದ ರಾತ್ರಿ ನಿಮ್ಮ ಕಡೆ ಪೊದೆಗಳಲ್ಲಿ ಟಕ್ ಟಕ್ ಅನ್ನೋ ಸದ್ದುಗಳಲ್ಲಿ ಲಂಕೆಯಿಂದ ಬಂದ ನೆಂಟರದ್ದೂ ಇರಬಹುದು.

ಇನ್ನೊಂದು ಮಾತು ಹೇಳಲೇಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಲಂಕೆಯ ಬೆಟ್ಟಗಳನ್ನು ಮೊದಲು ಕಾಫಿಗೆ, ಕಾಫಿಗೆ ರೋಗ ಬಂದ ಮೇಲೆ ಚಹಾಕ್ಕೆ ಅಂತ ಬೋಳು ಮಾಡಿದರು. ಆಗ ಹಿಡಿದು ಮ್ಯೂಸಿಯಂಗಳಿಗೆ ಕಳಿಸಿದ ಎಷ್ಟೋ ಕಪ್ಪೆಗಳು ಮತ್ತೆ ಯಾರ ಕಣ್ಣಿಗೂ ಬಿದ್ದಿಲ್ಲ, ಹೆಸರಿಡುವ ಹೊತ್ತಿಗೇ ಅವು ಇಲ್ಲವಾಗಿದ್ದವು. ಹೀಗೆ ಅಳಿದೇ ಹೋಗಿದೆ ಅಂದುಕೊಂಡಿದ್ದ ಒಂದು ಚುಕ್ಕಿ ಕಪ್ಪೆ, 1853ರಲ್ಲಿ ಸಿಕ್ಕಿದ್ದು, ಒಂದೂವರೆ ಶತಮಾನದ ಮೇಲೆ 2009ರಲ್ಲಿ ಶ್ರೀಪಾದ ಬೆಟ್ಟದ ಕಾಡಿನಲ್ಲಿ ಮತ್ತೆ ಕಾಣಿಸಿತು.

ಹಾಗಂತ ಎಲ್ಲವೂ ಬೇರೆ ಅಂತಲ್ಲ. ಕಪ್ಪೆಬಾಯಿ ಹಕ್ಕಿ ಎರಡೂ ಕಡೆ ಇದೆ. ವಿಜ್ಞಾನಿಗಳು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾವನ್ನು ಸೇರಿಸಿ ಒಂದೇ ಜೀವವೈವಿಧ್ಯ ತಾಣ ಅಂತ ಲೆಕ್ಕ ಹಾಕೋದೂ ಇದಕ್ಕೇ. ನಿಮ್ಮಂಥ ಮಲೆನಾಡಿನವರಿಗೆ ಅಲ್ಲಿ ಸಿಗೋ ಖುಷಿ ಬೇರೆಯವರಿಗೆ ಸಿಗಲ್ಲ. ಕಾಡುಕೋಳಿ ಎದುರಿಗೆ ಬರುತ್ತೆ, ನಮ್ಮದು ಬೂದು ಬಣ್ಣ, ಅಲ್ಲಿನದ್ದು ಕಿತ್ತಳೆ ಕೆಂಪು, ಕೆಂಪು ಜುಟ್ಟಿನ ನಡುವೆ ಹಳದಿ ಪಟ್ಟೆ. ಅದೇ ಅವರ ರಾಷ್ಟ್ರಪಕ್ಷಿ, ‘ವಳಿ ಕುಕುಳಾ’ ಅಂತಾರೆ. ಕೋತಿಯೂ ಅಷ್ಟೆ. ತಲೆ ಮೇಲೆ ನಮ್ಮ ಕೋತಿಯ ಹಾಗೇ ಬೈತಲೆ ಕೂದಲು, ಆದರೆ ಮೈಬಣ್ಣ ಕೆಂಪು ಛಾಯೆಯದು, ಜಾತಿ ಬೇರೆ. ಹೆಸರು ರಿಳವಾ. ನೋಡಿದ್ದೆಲ್ಲ ಗುರುತಿನದು ಅನ್ನಿಸುತ್ತೆ, ಹತ್ತಿರ ಹೋದರೆ ಯಾವುದೂ ನಮ್ಮದಲ್ಲ.

ಪ್ರಶ್ನೆ: ಸಿಂಹರಾಜದಲ್ಲಿ ಅರ್ಧ ದಿನ ನಡೆದೆವು. ಒಂದೇ ಒಂದು ಹಕ್ಕಿ ಕಾಣಲಿಲ್ಲ. ಪಕ್ಷಿಗಳ ಸ್ವರ್ಗ ಅಂತಾರಲ್ಲ, ಎಲ್ಲಿ? – ಶಿರಸಿಯ ಓದುಗರು

ನಿಮ್ಮ ಬೇಸರ ಅರ್ಥ ಆಗುತ್ತೆ. ಆ ಕಾಡು ಹಾಗೇ. ಗಂಟೆಗಟ್ಟಲೆ ಏನೂ ಇರಲ್ಲ. ಆಮೇಲೆ ಐದೇ ನಿಮಿಷದಲ್ಲಿ ಎಲ್ಲವೂ ಒಟ್ಟಿಗೆ ಬಂದು ಹೋಗುತ್ತೆ.

ಸಿಂಹರಾಜದ ಹಕ್ಕಿಗಳು ಬಹಳಷ್ಟು ಗುಂಪು ಕಟ್ಟಿಕೊಂಡು ತಿರುಗುತ್ತವೆ. ಒಂದೇ ಜಾತಿಯ ಗುಂಪಲ್ಲ, ಹತ್ತು ಹನ್ನೆರಡು ಜಾತಿ ಸೇರಿದ್ದು, ಸರಾಸರಿ ನಲವತ್ತರಷ್ಟು ಹಕ್ಕಿ. 1981ರಿಂದಲೂ ಅಲ್ಲಿ ಪ್ರೊಫೆಸರ್ ಸರತ್ ಕೊಟಗಮ ಮತ್ತು ಜೊತೆಗಾರರು ಈ ಗುಂಪುಗಳ ದಾಖಲೆ ಇಡುತ್ತಾ ಬಂದಿದ್ದಾರೆ. ಮೊದಲು ಕಿವಿಗೆ ಬೀಳೋದು ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗಲಾಟೆ. ಇವು ಲಂಕೆಯಲ್ಲಿ ಮಾತ್ರ ಇರೋವು. ತರಗೆಲೆ, ಬಳ್ಳಿ, ತೊಗಟೆ ಎಲ್ಲ ಕೆದಕುತ್ತಾ ಬರುತ್ತವೆ. ಅವು ಎಬ್ಬಿಸಿದ ಹುಳ ಹಿಡಿಯೋಕೆ ಪಕ್ಕದಲ್ಲೇ ಕಾಜಾಣ ಹೊಂಚು ಹಾಕಿರುತ್ತೆ. ಹಾಗಂತ ಕಾಜಾಣ ಬಿಟ್ಟಿ ಊಟದವನಲ್ಲ. ಗಿಡುಗ ಬಂದರೆ ಮೊದಲು ಕೂಗೋದು ಅದೇ. ಬೇರೆ ಹಕ್ಕಿಗಳ ದನಿ ಅನುಕರಿಸಿ ಕೂಗಿ ಗುಂಪನ್ನು ಕೂಡಿಸೋದನ್ನೂ ಸಂಶೋಧಕರು ದಾಖಲಿಸಿದ್ದಾರೆ.

ನೀವು ಹರಟೆಮಲ್ಲದ ಸದ್ದು ಕೇಳಿದ ಕೂಡಲೇ ನಿಂತುಬಿಡಬೇಕು. ಓಡಬಾರದು. ಮೊದಲು ಕಣ್ಣೆತ್ತರದಲ್ಲಿ ಹರಟೆಮಲ್ಲಗಳು, ಅವುಗಳ ನಡುವೆ ಬೂದು ತಲೆಯ ಇನ್ನೊಂದು ಜಾತಿಯ ಹರಟೆಮಲ್ಲ ನೆಲದ ಮೇಲೆ ಕುಪ್ಪಳಿಸುತ್ತಾ ಹೋಗುತ್ತೆ. ಆಮೇಲೆ ಕತ್ತು ಮೇಲೆತ್ತಿ. ಮರದ ನೆತ್ತಿಯಲ್ಲಿ ಕೆಂಪು ಮುಖದ ಮಲ್ಕೋಹ ಕೊಂಬೆಯಿಂದ ಕೊಂಬೆಗೆ ಸದ್ದಿಲ್ಲದೆ ನುಸುಳುತ್ತಿರುತ್ತೆ, ಉದ್ದ ಬಾಲದ ಬಿಳಿ ತುದಿಗಳು ಮಾತ್ರ ಮೊದಲು ಕಾಣುತ್ತವೆ. ಟ್ರೋಗನ್ ಅನ್ನೋ ಹಕ್ಕಿಯೂ ಇರಬಹುದು. ಅದೃಷ್ಟ ಚೆನ್ನಾಗಿದ್ದರೆ ನೀಲಿ ಮ್ಯಾಗ್‌ಪೈ, ಸಿಂಹಳದಲ್ಲಿ ಕೆಹಿಬೆಲ್ಲಾ. ನಮ್ಮ ಮಟಪಕ್ಷಿಯ ಸಂಬಂಧಿ. ಕಡು ನೀಲಿ ಮೈ, ಕಂದು ಕೆಂಪು ತಲೆ, ಹವಳದ ಬಣ್ಣದ ಕೊಕ್ಕು, ಕಾಲು. ಕಣ್ಣಿನ ಸುತ್ತಲೂ ಅದೇ ಕೆಂಪು ಉಂಗುರ. ಕಾಡಿನ ಮಬ್ಬು ಹಸಿರಿನಲ್ಲಿ ಅಷ್ಟು ಬಣ್ಣ ಒಂದೇ ಹಕ್ಕಿಗೆ ಯಾಕೆ ಬೇಕಿತ್ತು ಅಂತ ನನಗೆ ಇವತ್ತಿಗೂ ಆಶ್ಚರ್ಯ. ಕಾಡಿಗೆ ಹೋಗುವ ಕುಡವ ಗೇಟಿನ ಹತ್ತಿರದ ಮನೆಗಳ ಸುತ್ತ ಬೆಳಗ್ಗೆ ಹೊತ್ತು ಇದು ಬರುವುದುಂಟು, ಕಾಡೊಳಗೆ ಹುಡುಕೋ ಮೊದಲು ಅಲ್ಲೇ ಚಹಾ ಕುಡಿಯುತ್ತಾ ಸ್ವಲ್ಪ ಕಾಯಿರಿ.

ಕುಡವದಿಂದ ಒಳಗೆ ಹೋಗೋ ಅಗಲದ ದಾರಿ ಇದೆಯಲ್ಲ, ಅದು ಮರ ಸಾಗಿಸೋಕೆ ಮಾಡಿದ್ದ ರಸ್ತೆ. 1970ರ ದಶಕದಲ್ಲಿ ಪ್ಲೈವುಡ್‌ಗಾಗಿ ಈ ಕಾಡು ಕಡಿಯಲು ಶುರು ಮಾಡಿದ್ದರು. ಜನ ಬಲವಾಗಿ ವಿರೋಧಿಸಿದರು, 1977ರಲ್ಲಿ ಕಡಿಯೋದು ನಿಂತಿತು. 1988ರಲ್ಲಿ ವಿಶ್ವ ಪರಂಪರೆ ತಾಣವಾಯಿತು. ಆ ವಿರೋಧ ಇಲ್ಲದಿದ್ದರೆ ಇವತ್ತು ನಾನು ನಿಮಗೆ ಉತ್ತರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಇದೇ ಕಾಡಿನಲ್ಲಿ 2001ರಲ್ಲಿ ದೀಪಾಲ್ ವರಕಗೊಡ ಎಂಬ ಪಕ್ಷಿತಜ್ಞರಿಗೆ ಒಂದು ಪುಟ್ಟ ಕೆಂಗಂದು ಗೂಬೆ ಕಂಡಿತು. ಕೆಲವು ವರ್ಷಗಳಿಂದ ರಾತ್ರಿ ಅದರ ಕೂಗು ಮಾತ್ರ ಕೇಳುತ್ತಿದ್ದರು, ಯಾವ ಪುಸ್ತಕದಲ್ಲೂ ಆ ಕೂಗಿಗೆ ಹಕ್ಕಿ ಇರಲಿಲ್ಲ. 2004ರಲ್ಲಿ ಅದಕ್ಕೆ ಸೆರೆಂಡಿಬ್ ಗೂಬೆ ಅಂತ ಹೊಸ ಜಾತಿಯ ಹೆಸರಾಯಿತು. ಲಂಕೆಯಲ್ಲಿ ಹೊಸ ಹಕ್ಕಿ ಸಿಕ್ಕಿದ್ದು 1868ರ ಮೇಲೆ ಅದೇ ಮೊದಲು.

ಇನ್ನೊಂದು ಸಲ ಹೋದಾಗ ಎರಡು ಬೆಳಗು ಇಟ್ಟುಕೊಳ್ಳಿ. ಕಾಡೊಳಗೆ ಹೋಗಲು ಅಲ್ಲಿನ ಗೈಡ್ ಕಡ್ಡಾಯ. ಆದರೆ ಹೊರಡುವ ಮೊದಲೇ ‘ನಮಗೆ ಜಲಪಾತ ಬೇಡ, ಹಕ್ಕಿಗುಂಪು ಬೇಕು’ ಅಂತ ಹೇಳಿ. ಹೇಳದಿದ್ದರೆ ಎಲ್ಲರನ್ನೂ ಕರೆದುಕೊಂಡು ಹೋಗುವ ಹಾಗೆ ನಿಮ್ಮನ್ನೂ ನೀರು ತೋರಿಸೋಕೆ ದಡದಡ ನಡೆಸಿಬಿಡ್ತಾರೆ.

ಪ್ರಶ್ನೆ: ಸಿಂಹರಾಜದಲ್ಲಿ ಇಂಬಳ ಜಾಸ್ತಿ ಅಂತೆ. ಚಿಕ್ಕ ಮಕ್ಕಳಿದ್ದಾರೆ. ಹಾವಿನ ಭಯವೂ ಇದೆ. – ಹುಬ್ಬಳ್ಳಿಯ ಓದುಗರು

ಇಂಬಳ ಇವೆ, ಮಳೆ ಬಂದ ದಿನ ಬಹಳ ಇವೆ. ಕಚ್ಚಿದರೆ ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಆಮೇಲೆ ತುರಿಕೆ. ಅಷ್ಟೇ, ಬೇರೆ ಅಪಾಯವಿಲ್ಲ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಹಾಕಿ, ಪ್ಯಾಂಟು ಅದರೊಳಗೆ ತುರುಕಿ. ಗೇಟಿನ ಹತ್ತಿರದ ಅಂಗಡಿಗಳಲ್ಲೇ ಸಿಗುತ್ತವೆ. ಮಲೆನಾಡಿನ ನೆಂಟರಿದ್ದರೆ ಹೊಗೆಸೊಪ್ಪು, ಸುಣ್ಣದ ಉಪಾಯ ಹೇಳ್ತಾರೆ, ಅದೂ ಕೆಲಸ ಮಾಡುತ್ತೆ. ಹಾವು ಕಾಣೋದೇ ಅಪರೂಪ. ಆದರೆ ಹಸಿರು ಮಂಡಲ ಎಲೆಗಳ ನಡುವೆ ಅಲ್ಲಾಡದೆ ಕೂತಿರುತ್ತೆ, ಇದೂ ಲಂಕೆಯದೇ ಜಾತಿ. ಮೂಗು ಎತ್ತಿದ ಇನ್ನೊಂದು ಪುಟ್ಟ ಮಂಡಲ ತರಗೆಲೆ ಮೇಲೇ ಮಲಗಿರುತ್ತೆ. ಮಕ್ಕಳಿಗೆ ಎರಡೇ ಮಾತು ಹೇಳಿಕೊಡಿ: ದಾರಿ ಬಿಟ್ಟು ಇಳಿಯಬಾರದು, ಕಾಣದ ಜಾಗಕ್ಕೆ ಕೈ ಹಾಕಬಾರದು. ಬೂಟು ಇರಲಿ, ಚಪ್ಪಲಿ ಬೇಡ.

ಪ್ರಶ್ನೆ: ನಮ್ಮ ಕಡೆ ತೋಪುಗಳಲ್ಲಿ ಕಾಡುಪಾಪ ಇದೆ. ಲಂಕೆಯಲ್ಲೂ ಇದೆಯಂತೆ, ಅದೇ ಇದಾ? – ತುಮಕೂರಿನ ಪದವಿ ವಿದ್ಯಾರ್ಥಿನಿ

ಅಲ್ಲಿ ಎರಡು ಬಗೆ ಇವೆ. ನಿಮ್ಮ ತುಮಕೂರಿನ ಬೂದು ಕಾಡುಪಾಪ ಲಂಕೆಯ ಒಣ ಭಾಗದಲ್ಲೂ ಇದೆ. ಒದ್ದೆ ಕಾಡಿನಲ್ಲಿರೋದು ಕೆಂಪು ಕಾಡುಪಾಪ, ಅದು ಅಲ್ಲಿ ಮಾತ್ರ. ಇನ್ನೂ ಚಿಕ್ಕದು, ಅಂಗೈಯಲ್ಲಿ ಹಿಡಿಸುತ್ತೆ. ಸಿಂಹಳದಲ್ಲಿ ಉನಹಪುಳುವಾ ಅಂತಾರೆ.

ಎರಡೂ ಕಡೆ ಈ ಬಡಪಾಯಿಗೆ ಒಂದೇ ಕಷ್ಟ. ದೊಡ್ಡ ಕಣ್ಣು ಇದ್ದಿದ್ದಕ್ಕೆ ಮಾಟ ಮಂತ್ರದವರು ಹಿಡಿದು ಹಿಂಸೆ ಕೊಟ್ಟಿದ್ದಾರೆ. ಈಗ ಅದಕ್ಕಿಂತ ದೊಡ್ಡ ಕಷ್ಟ ಮರಗಳ ನಡುವೆ ಬೀಳುತ್ತಿರುವ ಅಂತರ. ಕಾಡುಪಾಪ ಜಿಗಿಯಲ್ಲ. ಕೊಂಬೆಗೆ ಕೊಂಬೆ ತಾಗಿರಬೇಕು, ಕೈ ಚಾಚಿ ಹಿಡಿದು ದಾಟಬೇಕು. ನಡುವೆ ರಸ್ತೆ ಬಂತು ಅಂದರೆ ನೆಲಕ್ಕಿಳಿಯಬೇಕು, ಅಲ್ಲಿ ನಾಯಿ ಇದೆ, ಗಾಡಿ ಇದೆ, ಮೇಲೆ ವಿದ್ಯುತ್ ತಂತಿ ಇದೆ. ನೋಡಲು ಹೋಗೋದಾದರೆ ರಾತ್ರಿ ನಡಿಗೆ ಮಾಡಿಸುವ ಗೈಡ್ ಜೊತೆ ಹೋಗಿ, ಕೆಂಪು ಬೆಳಕಿನ ಟಾರ್ಚ್ ಕೇಳಿ. ಬಿಳಿ ಬೆಳಕು ಆ ಕಣ್ಣುಗಳಿಗೆ ತಡೆಯಲಾರದಷ್ಟು ಜಾಸ್ತಿ. ಮೊಬೈಲ್ ಫ್ಲ್ಯಾಶ್ ಅಂತೂ ಹಾಕಲೇಬೇಡಿ.

ಪ್ರಶ್ನೆ: ಹಾರ್ಟನ್ ಪ್ಲೇನ್ಸ್‌ನಲ್ಲಿ ‘ವರ್ಲ್ಡ್ಸ್ ಎಂಡ್’ ಬಿಟ್ಟು ಬೇರೇನಿದೆ? ಅಲ್ಲಿಗೆ ಹೋದ ಸ್ನೇಹಿತರು ಬರೀ ಮಂಜು ನೋಡಿಕೊಂಡು ಬಂದರು. – ಬೆಂಗಳೂರಿನ ಓದುಗರು

ಸ್ನೇಹಿತರು ತಡವಾಗಿ ಹೋಗಿದ್ದಾರೆ. ಬೆಳಗ್ಗೆ ಆರಕ್ಕೆ ಗೇಟಿನಲ್ಲಿ ಇರಬೇಕು. ಒಂಬತ್ತು ಹತ್ತರ ಹೊತ್ತಿಗೆ ಕೆಳಗಿನಿಂದ ಮಂಜು ಏರಿ ಪ್ರಪಾತ ಮುಚ್ಚಿಬಿಡುತ್ತೆ. ಅಲ್ಲಿ ನೆಲ ಒಮ್ಮೆಗೇ ಎಂಟುನೂರು ಮೀಟರಿಗೂ ಜಾಸ್ತಿ ಕೆಳಗಿಳಿಯುತ್ತೆ, ನೋಡುವಂಥದ್ದೇ.

ಆದರೆ ಆ ಒಂಬತ್ತು ಕಿಲೋಮೀಟರ್ ಸುತ್ತಿನಲ್ಲಿ ನನ್ನ ಮಟ್ಟಿಗೆ ದೊಡ್ಡ ನೋಟ ಪ್ರಪಾತದ್ದಲ್ಲ. ದಾರಿ ಬದಿಯ ಪಾಚಿ ಹಿಡಿದ ಕೊಂಬೆಗಳನ್ನು ನಿಧಾನವಾಗಿ ನೋಡುತ್ತಾ ಹೋಗಿ. ಎದೆಯ ಎತ್ತರದಲ್ಲಿ, ಬಿಸಿಲು ಬೀಳುವ ಕಡೆ. ಒಂದು ಓತಿಕ್ಯಾತ ಕೊಂಬೆಗೆ ಅಂಟಿಕೊಂಡಿರುತ್ತೆ, ಬಾಲ ಸೇರಿಸಿ ಒಂದು ಗೇಣು. ಮೂಗಿನ ತುದಿಯಲ್ಲಿ ಬಿಳಿ ಕೊಂಬು. ಒಂದೇ ಒಂದು, ನೆಟ್ಟಗೆ ಮುಂದಕ್ಕೆ ಚಾಚಿದ್ದು. ಗಂಡಿನದ್ದು ಉದ್ದ, ಹೆಣ್ಣಿನದ್ದು ಗಿಡ್ಡ. ಇದಕ್ಕೆ ಘೇಂಡಾಮೃಗ ಓತಿ ಅನ್ನಬಹುದು. ಚಳಿಗೆ ಮೈ ಸೆಟೆದು ಬೆಳಗ್ಗೆ ತುಂಬಾ ನಿಧಾನ, ಅರ್ಧ ಅಡಿ ದೂರದಿಂದ ನೋಡಿದರೂ ಓಡಲ್ಲ. ಒಂದು ಕಣ್ಣು ನಿಮ್ಮ ಕಡೆ ತಿರುಗುತ್ತೆ, ಇನ್ನೊಂದು ತನ್ನ ಕೆಲಸ ನೋಡಿಕೊಳ್ಳುತ್ತೆ. ಗಂಟಲ ಚರ್ಮ ಒಂದೇ ಸಮನೆ ಮೇಲೆ ಕೆಳಗೆ ಆಡುತ್ತಿರುತ್ತೆ. ಇರೋದು ಲಂಕೆಯ ಈ ಎತ್ತರದ ಬೆಟ್ಟಗಳಲ್ಲಿ ಮಾತ್ರ.

ಈ ಕೊಂಬಿನ ಓತಿಗಳ ಕುಲವೇ ಲಂಕೆಯದು. ಸಿಂಹರಾಜದ ಕೆಳಗಾಡಿನಲ್ಲಿ ಒಂದು ಜಾತಿ, ನಕಲ್ಸ್ ಬೆಟ್ಟಗಳಲ್ಲಿ ಎಲೆಯ ಹಾಗೆ ಚಪ್ಪಟೆ ಮೂಗಿನ ಇನ್ನೊಂದು. ಹಾರ್ಟನ್ ಪ್ಲೇನ್ಸ್‌ನಲ್ಲೇ ಇನ್ನೊಂದು ಕುಳ್ಳ ಓತಿಯೂ ಇದೆ. ಬಾಲವನ್ನು ಕೊಂಬೆಗೆ ಸುತ್ತಿ ಹಿಡಿಯುತ್ತೆ, ಮೊಟ್ಟೆ ಇಡದೆ ಮರಿ ಹಾಕುತ್ತೆ. ಅಷ್ಟು ಚಳಿಯ ಜಾಗದಲ್ಲಿ ಮೊಟ್ಟೆಗಿಂತ ಹೊಟ್ಟೆಯೊಳಗೆ ಬೆಳೆಸೋದೇ ಸುರಕ್ಷಿತ ಅಲ್ವಾ. ಎಲ್ಲಕ್ಕಿಂತ ವಿಚಿತ್ರದ್ದು ಕೆಳಗೆ ಕ್ಯಾಂಡಿ ಕಡೆಯ ತೋಟಗಳಲ್ಲೂ ಸಿಗೋ ಗುಂಡುಮೂಗಿನ ಓತಿ. ಮೂಗಿನ ಮೇಲೆ ಗುಂಡು, ಬೆನ್ನ ಮೇಲೆ ಡುಬ್ಬ, ಗಂಟಲಲ್ಲಿ ಹಳದಿ ಚೀಲ. ಹೆದರಿದರೆ ಬಾಯಿ ಅಗಲ ತೆರೆದು ಒಳಗಿನ ಕಡುಗೆಂಪು ತೋರಿಸುತ್ತೆ, ಅದಕ್ಕೂ ನೀವು ಜಗ್ಗದಿದ್ದರೆ ಸತ್ತ ಹಾಗೆ ಬಿದ್ದುಬಿಡುತ್ತೆ.

ಬೆಳಗ್ಗೆ ತುಂಬಾ ಚಳಿ, ಜನವರಿ ಫೆಬ್ರವರಿಯಲ್ಲಿ ಹುಲ್ಲಿನ ಮೇಲೆ ಹಿಮ ಕೂರುವುದೂ ಇದೆ. ಸ್ವೆಟರ್ ಬೇಕೇ ಬೇಕು. ಗೇಟಿನಲ್ಲಿ ಬ್ಯಾಗ್ ತೆಗೆಸಿ ಪ್ಲಾಸ್ಟಿಕ್ ಕವರ್, ಬಾಟಲಿಯ ಲೇಬಲ್ ಕೂಡ ಕಿತ್ತುಕೊಳ್ತಾರೆ, ಕೋಪ ಮಾಡಿಕೊಳ್ಳಬೇಡಿ. ಗೇಟಿನ ಹತ್ತಿರ ಕಡವೆಗಳು ಬಂದು ಮೂತಿ ಚಾಚುತ್ತವೆ. ಬಿಸ್ಕತ್ತು ಕೊಡಬೇಡಿ. ಜನ ಕೊಟ್ಟೂ ಕೊಟ್ಟೂ ಅವು ಪ್ಲಾಸ್ಟಿಕ್ ನುಂಗುವುದನ್ನು ಕಲಿತಿವೆ.

ಪ್ರಶ್ನೆ: ಆನೆ ಮರಿಗಳಿಗೆ ಬಾಟಲಿ ಹಾಲು ಕುಡಿಸುವ ಅವಕಾಶ ಇದೆಯಂತೆ. ಮಗಳಿಗೆ ಆಸೆ. ಎಲ್ಲಿಗೆ ಹೋಗಬೇಕು? – ದಾವಣಗೆರೆಯ ಓದುಗರು

ಮಗಳ ಆಸೆ ಅರ್ಥ ಆಗುತ್ತೆ. ಆದರೂ ಆನೆಯನ್ನು ಮುಟ್ಟಿಸುವ, ಸವಾರಿ ಮಾಡಿಸುವ, ಸರಪಳಿ ಹಾಕಿ ಸ್ನಾನ ತೋರಿಸುವ ಜಾಗಗಳಿಗೆ ದಯವಿಟ್ಟು ಹೋಗಬೇಡಿ. ಮನುಷ್ಯರ ಕೈಗೆ ಒಗ್ಗಿದ ಮರಿ ಮತ್ತೆ ಕಾಡಿಗೆ ಹೋಗೋದು ಕಷ್ಟ.

ಬದಲಿಗೆ ಉಡವಲವೆಯಲ್ಲಿ ವನ್ಯಜೀವಿ ಇಲಾಖೆಯವರೇ 1995ರಿಂದ ನಡೆಸುತ್ತಿರುವ ಆನೆಮರಿಗಳ ಆಶ್ರಯಕ್ಕೆ ಕರೆದುಕೊಂಡು ಹೋಗಿ. ತಾಯಿ ಕಳೆದುಕೊಂಡ ಮರಿಗಳನ್ನು ಸಾಕಿ ದೊಡ್ಡವು ಮಾಡಿ ಕಾಡಿಗೇ ಬಿಡುತ್ತಾರೆ. ಮೂರು ಗಂಟೆಗೊಮ್ಮೆ ಹಾಲು. ನೀವು ದೂರದ ಅಟ್ಟಣೆಯಿಂದ ನೋಡಬೇಕು. ಗೇಟು ತೆರೆದ ಕೂಡಲೇ ಮರಿಗಳು ಕಿವಿ ಬಡಿಯುತ್ತಾ ಓಡಿ ಬರುತ್ತವೆ, ಸಿಬ್ಬಂದಿ ಲಾಳಿಕೆಯಿಂದ ಉದ್ದ ಪೈಪಿನಲ್ಲಿ ಹಾಲು ಸುರಿಯುತ್ತಾರೆ. ತನ್ನ ಪಾಲು ಮುಗಿದ ಮೇಲೂ ಹೋಗಲ್ಲ ಅಂತ ಹಟ ಮಾಡುವ ಒಂದಾದರೂ ಮರಿ ಇದ್ದೇ ಇರುತ್ತೆ. ಮುಟ್ಟಿಸದಿದ್ದರೂ ಮಗಳಿಗೆ ಅದು ಸಾಕು.

ಉಡವಲವೆ ರಸ್ತೆ ಬದಿಯ ಬೇಲಿಗೆ ಕಾಡಾನೆಗಳು ಬಂದು ನಿಂತಿರುತ್ತವೆ, ಬಾಳೆಹಣ್ಣು ಮಾರುವವರೂ ಪಕ್ಕದಲ್ಲೇ ಇರುತ್ತಾರೆ. ಅಲ್ಲಿ ಗಾಡಿ ನಿಲ್ಲಿಸಿ ತಿನ್ನಿಸಬೇಡಿ. ಹಾಗೆ ರಸ್ತೆಗೆ ಒಗ್ಗಿದ ಆನೆ ಕೊನೆಗೆ ಊರಿಗೆ ನುಗ್ಗುತ್ತೆ. ಕೊಡಗು, ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಂಕೆಯಲ್ಲೂ ಆನೆ, ರೈತ ಇಬ್ಬರೂ ಸಾಯುತ್ತಿರುವ ದೊಡ್ಡ ಸಂಕಟ ಅದು.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋದರೆ ಮಿನ್ನೇರಿಯ ಕೆರೆ. ಮೂರನೇ ಶತಮಾನದ ರಾಜ ಮಹಾಸೇನ ಕಟ್ಟಿಸಿದ್ದು. ನೀರು ಇಳಿದ ಅಂಗಳದಲ್ಲಿ ಹಸಿ ಹುಲ್ಲು ಚಿಗುರಿ ನೂರಾರು ಆನೆಗಳು ಸೇರುತ್ತವೆ, ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನಲ್ಲಿ ಸೇರುವ ಹಾಗೇ. ಒಂದು ವ್ಯತ್ಯಾಸ ಗಮನಿಸಿ: ಅಲ್ಲಿನ ಗಂಡಾನೆಗಳಲ್ಲಿ ದಂತ ಇರುವವು ತೀರಾ ಕಡಿಮೆ. ಕೆರೆಯಲ್ಲಿ ನೀರು ಜಾಸ್ತಿ ಇದ್ದರೆ ಆನೆಗಳು ಪಕ್ಕದ ಕೌದುಲ್ಲ, ಹುರುಲು ಅನ್ನೋ ಕಾಡುಗಳಲ್ಲಿರುತ್ತವೆ. ಟಿಕೆಟ್ ತೆಗೆಯೋ ಮೊದಲು ಜೀಪಿನವರನ್ನು ಕೇಳಿ.

ಪ್ರಶ್ನೆ: ನೀಲಿ ತಿಮಿಂಗಿಲ ನಿಜವಾಗಲೂ ಕಾಣುತ್ತಾ, ಅಥವಾ ಬರೀ ಜಾಹೀರಾತಾ? – ಮಂಗಳೂರಿನ ಓದುಗರು

ಕಾಣುತ್ತೆ. ಮಿರಿಸ್ಸಾದಲ್ಲಿ ಡಿಸೆಂಬರ್‌ನಿಂದ ಏಪ್ರಿಲ್. ಅಲ್ಲಿ ತೀರದಿಂದ ಸ್ವಲ್ಪ ದೂರಕ್ಕೇ ಸಮುದ್ರ ಬಹಳ ಆಳ, ಅದಕ್ಕೇ ಅಷ್ಟು ಹತ್ತಿರ ಬರುತ್ತವೆ. ನಮ್ಮ ಹಿಂದೂ ಮಹಾಸಾಗರದ ಉತ್ತರದ ನೀಲಿ ತಿಮಿಂಗಿಲಗಳು ಬೇರೆ ಕಡೆಯವುಗಳ ಹಾಗೆ ಧ್ರುವದ ತಣ್ಣೀರಿಗೆ ವಲಸೆ ಹೋಗಲ್ಲ, ವರ್ಷವಿಡೀ ಬೆಚ್ಚಗಿನ ನೀರಿನಲ್ಲೇ ಇರುತ್ತವೆ. ಆದರೆ ಅವು ಮೇಯುವ ಜಾಗದಲ್ಲೇ ಜಗತ್ತಿನ ಅತಿ ದಟ್ಟಣೆಯ ಹಡಗು ದಾರಿಗಳಲ್ಲೊಂದು ಹಾದುಹೋಗುತ್ತೆ, ಹಡಗು ಬಡಿದು ಸಾಯುವುದೂ ಇದೆ. ಪ್ರವಾಸಿ ದೋಣಿಗಳಾದರೂ ತೊಂದರೆ ಕೊಡದಿರಲಿ. ನೂರು ಮೀಟರ್ ದೂರ ಬಿಡುವ, ಬೆನ್ನಟ್ಟದ ದೋಣಿ ಯಾವುದು ಅಂತ ವಿಚಾರಿಸಿ ಹತ್ತಿ. ಕಡಲಿಗೆ ನೀವು ಒಗ್ಗಿದವರು, ಆದರೂ ವಾಂತಿ ಮಾತ್ರೆ ಇಟ್ಟುಕೊಳ್ಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಕಾಡಿನ ಹತ್ತಿರದ ಊರುಗಳಲ್ಲಿ ಊಟಕ್ಕೆ ಏನು ಗತಿ? – ಬಾಗಲಕೋಟೆಯ ಓದುಗರು

ಚಿಂತೆ ಇಲ್ಲ. ಅನ್ನ, ತೆಂಗಿನ ಹಾಲಿನ ಬೇಳೆ, ಎರಡು ಮೂರು ಬಗೆ ಪಲ್ಯ ಎಲ್ಲ ಕಡೆ ಸಿಗುತ್ತೆ. ಬೆಳಗ್ಗೆ ದೋಸೆಯಂಥ ಅಪ್ಪ, ಒತ್ತು ಶಾವಿಗೆಯಂಥ ಇಂದಿಅಪ್ಪ. ಒಂದು ಎಚ್ಚರ: ‘ಪೊಲ್ ಸಂಬೋಲ’ ಅನ್ನೋ ಕಾಯಿ ಚಟ್ನಿಯಲ್ಲೂ, ಕೆಲವು ಪಲ್ಯದಲ್ಲೂ ಒಣ ಮೀನಿನ ಪುಡಿ ಹಾಕ್ತಾರೆ. ಅದರ ಹೆಸರು ಉಂಬಲಕಡ. ‘ಉಂಬಲಕಡ ಬೇಡ’ ಅಂತ ಮೊದಲೇ ಹೇಳಿ, ಅರ್ಥ ಮಾಡಿಕೊಳ್ತಾರೆ. ಬರೀ ‘ವೆಜ್’ ಅಂದರೆ ಸಾಲದು.

ಪ್ರಶ್ನೆ: ಯಾವ ತಿಂಗಳು ಹೋಗಬೇಕು? ಖರ್ಚು ಉಳಿಸುವ ದಾರಿ ಇದೆಯಾ? – ಶಿವಮೊಗ್ಗದ ಓದುಗರು

ಲಂಕೆಗೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್ ನೈಋತ್ಯದಲ್ಲಿ ಮಳೆ, ವರ್ಷದ ಕೊನೆಯಲ್ಲಿ ಉತ್ತರ, ಪೂರ್ವದಲ್ಲಿ. ಹಾಗಾಗಿ ಯಾವ ತಿಂಗಳಲ್ಲೂ ಒಂದು ಭಾಗ ನೋಡಬಹುದು. ಈ ಅಂಕಣದಲ್ಲಿ ಹೇಳಿದ ಮಳೆಕಾಡು, ಬೆಟ್ಟ, ತಿಮಿಂಗಿಲ ಮೂರೂ ಬೇಕಾದರೆ ಜನವರಿಯಿಂದ ಮಾರ್ಚ್. ಕರಡಿ ಬೇಕಾದರೆ ಪಲು ಮರದ ಹಣ್ಣಿನ ಕಾಲ, ಅಂದರೆ ಜೂನ್ ಆಸುಪಾಸು ಯಾಲ ಅಥವಾ ವಿಲ್ಪತ್ತು. ಆದರೆ ಕರಡಿಗೆ ನಮ್ಮ ದರೋಜಿ ಇರುವಾಗ ಅಷ್ಟು ದೂರ ಯಾಕೆ. ಯಾಲದ ಒಂದನೇ ಬ್ಲಾಕನ್ನು ಬರಗಾಲದ ಸೆಪ್ಟೆಂಬರ್ ಹೊತ್ತಿಗೆ ಸಾಮಾನ್ಯವಾಗಿ ಮುಚ್ಚುತ್ತಾರೆ.

ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ವಿಮಾನ. ವನ್ಯಜೀವಿ ಇಲಾಖೆಯ ಉದ್ಯಾನಗಳಲ್ಲಿ ಭಾರತವೂ ಸೇರಿ ಸಾರ್ಕ್ ದೇಶದವರಿಗೆ ಬೇರೆ ವಿದೇಶಿಯರಿಗಿಂತ ಕಡಿಮೆ ಶುಲ್ಕ ಇದೆ. ಪಾಸ್‌ಪೋರ್ಟ್ ತೋರಿಸಿ ಕೇಳಿ, ಕೇಳದಿದ್ದರೆ ಪೂರ್ತಿ ದರ ಹಾಕಿಬಿಡಬಹುದು. ವೀಸಾ ನಿಯಮ ಆಗಾಗ ಬದಲಾಗುತ್ತೆ, ಸರ್ಕಾರಿ ವೆಬ್‌ಸೈಟಿನಲ್ಲೇ ನೋಡಿ.

ಪ್ರಶ್ನೆ: ಹೋದ ಸಲ ಒಬ್ಬ ಗೈಡ್ ಗುಂಡುಮೂಗಿನ ಓತಿಯನ್ನು ಹಿಡಿದು ತಂದು ನನ್ನ ಕೈಮೇಲೆ ಬಿಟ್ಟ. ಫೋಟೊ ಅದ್ಭುತವಾಗಿ ಬಂತು. ತಪ್ಪಾ? – ಧಾರವಾಡದ ಹವ್ಯಾಸಿ ಛಾಯಾಗ್ರಾಹಕರು

ತಪ್ಪು. ನೇರವಾಗಿ ಹೇಳ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಮೇಲೆ ಹೇಳಿದೆನಲ್ಲ, ಆ ಓತಿ ಬಾಯಿ ತೆರೆದು ಕೆಂಪು ತೋರಿಸಿದರೆ ಅದು ಪೋಸ್ ಅಲ್ಲ, ಜೀವಭಯ. ನಿಮ್ಮ ಫೋಟೊದಲ್ಲಿ ಬಾಯಿ ತೆರೆದಿದೆಯಾ ನೋಡಿ. ಗೈಡ್ ಹಿಡಿದು ಕೊಡೋದು ನಾವು ಟಿಪ್ಸ್ ಕೊಡ್ತೇವೆ ಅಂತ. ‘ಮುಟ್ಟಬೇಡಪ್ಪ, ಇದ್ದಲ್ಲೇ ತೋರಿಸು’ ಅಂತ ಹೇಳಿ, ಹಾಗೆ ತೋರಿಸಿದ್ದಕ್ಕೆ ಟಿಪ್ಸ್ ಜಾಸ್ತಿ ಕೊಡಿ. ಮುಂದಿನ ಪ್ರವಾಸಿಗೂ ಅವನು ಹಾಗೇ ತೋರಿಸುತ್ತಾನೆ.

ಈ ಓತಿಗಳನ್ನು ಸಾಕುವ ಹುಚ್ಚಿನವರಿಗೆ ಕದ್ದು ಮಾರುವ ಜಾಲ ಹೊರದೇಶಗಳಲ್ಲಿದೆ. ಹಾಗಾಗಿ ಕಾನೂನೂ ಬಿಗಿ ಇದೆ. ಕಾಡಿನಿಂದ ಒಂದು ಚಿಟ್ಟೆಯನ್ನೂ ತರುವ ಹಾಗಿಲ್ಲ. 2024ರಲ್ಲಿ ಯಾಲದಲ್ಲಿ ಕೀಟ ಹಿಡಿದು ಬಾಟಲಿಗಳಲ್ಲಿ ತುಂಬಿಟ್ಟಿದ್ದ ಇಬ್ಬರು ವಿದೇಶಿಯರಿಗೆ ಕೋರ್ಟು ಆರು ಕೋಟಿ ಶ್ರೀಲಂಕಾ ರೂಪಾಯಿ ದಂಡ ಹಾಕಿತು. ಮಕ್ಕಳು ಬಿದ್ದ ಗರಿ, ಚಿಪ್ಪು ಆರಿಸಿ ಬ್ಯಾಗಿಗೆ ಹಾಕಿಕೊಂಡಿದ್ದರೂ ಗೇಟು ದಾಟುವ ಮೊದಲು ಅಲ್ಲೇ ಬಿಡಿಸಿ.

ಒಳ್ಳೆಯ ಫೋಟೊ ಬೇಕಾದರೆ ಉದ್ದ ಮ್ಯಾಕ್ರೊ ಲೆನ್ಸ್ ತೆಗೆದುಕೊಂಡು ಹೋಗಿ, ನೂರು ಎಂಎಂ ಆಸುಪಾಸಿನದು. ಹಾರ್ಟನ್ ಪ್ಲೇನ್ಸ್‌ನ ಓತಿಗೆ ಬೆಳಗಿನ ಏಳರಿಂದ ಒಂಬತ್ತು ಒಳ್ಳೆಯ ಹೊತ್ತು. ಸಿಂಹರಾಜದಲ್ಲಿ ಬೆಳಕು ಕಡಿಮೆ, ಒಂದು ಕಾಲಿನ ಸ್ಟ್ಯಾಂಡ್ ಇರಲಿ. ಮತ್ತೆ ಲೆನ್ಸ್ ಒರೆಸೋಕೆ ಒಣ ಬಟ್ಟೆ ನಾಲ್ಕೈದು ಇಟ್ಟುಕೊಳ್ಳಿ, ಅಲ್ಲಿ ಯಾವುದೂ ಒಣಗಲ್ಲ.